ಒಂಟಿಗಣ್ಣಿನ ಕುರಿಮರಿ ಶಾಪವಲ್ಲ

ಕುಷ್ಟಗಿಯಿಂದ ಬರೆದ ಅಣ್ಣನವರಿಗೆ ನಮಸ್ಕಾರ. ನಿಮ್ಮ ಹಟ್ಟಿಯಲ್ಲಿ ಒಂಟಿಗಣ್ಣಿನ ಮರಿ ಹುಟ್ಟಿದ್ದು ಶಾಪವಾ, ಮರಿ ಬೆಳೆಸುವ ಜೀನೇ ಕ್ಯಾನ್ಸರನ್ನೂ ತರುತ್ತದಾ ಅಂತ ಕೇಳಿದ್ದೀರಿ.

ಶಾಪ ಖಂಡಿತ ಅಲ್ಲ. ನಾನು ಬಳ್ಳಾರಿ ಕಡೆ ಕುರಿ ನೋಡುವ ಪಶುವೈದ್ಯ. ಇಂಥ ಮರಿಯನ್ನು ಒಮ್ಮೆ ಕೈಯಲ್ಲಿ ಹಿಡಿದಿದ್ದೇನೆ. ಮುಖದ ನಡುವೆ ಒಂದೇ ಕಣ್ಣು, ಅದರ ಮೇಲೆ ಸೊಂಡಿಲಿನಂಥ ತುಂಡು ಚರ್ಮ. ಕರುಳು ಚುರ್ ಅನ್ನುತ್ತದೆ.

1950ರ ದಶಕದಲ್ಲಿ ಅಮೆರಿಕದ ಐಡಾಹೊದಲ್ಲಿ ಇಂಥ ಮರಿಗಳು ತುಂಬಾ ಹುಟ್ಟಿದವು. ಗಬ್ಬದ ಕುರಿಗಳು 14ನೇ ದಿನದ ಹೊತ್ತಿಗೆ ಅಲ್ಲಿನ ಒಂದು ಕಾಡುಗಿಡ ಮೇದಿದ್ದವು. ಅದರಲ್ಲಿದ್ದ ಸೈಕ್ಲೋಪಮೈನ್ ಎಂಬ ವಿಷ, ಹೆಡ್ಜ್‌ಹಾಗ್ ಎಂಬ ಜೀನಿನ ಸಂದೇಶವನ್ನು ತಡೆಯುತ್ತದೆ. ಆ ಸಂದೇಶ ಸಿಗದಿದ್ದರೆ ಒಂದು ಕಣ್ಣು ಎರಡಾಗಿ ಬೇರೆಯಾಗುವುದೇ ಇಲ್ಲ. ಆ ಗಿಡ ನಮ್ಮ ಕಡೆ ಇಲ್ಲ, ನಿಮ್ಮ ಮರಿಗೆ ಕಾರಣ ಬೇರೆ.

ನಿಮ್ಮ ಕೈ ನೋಡಿಕೊಳ್ಳಿ. ಹೆಬ್ಬೆರಳು ಒಂದು ಕಡೆ, ಕಿರುಬೆರಳು ಇನ್ನೊಂದು ಕಡೆ ಅಲ್ವಾ? ಹೊಟ್ಟೆಯಲ್ಲಿದ್ದಾಗ ಕಿರುಬೆರಳಿನ ಕಡೆಯಿಂದ ಹೊರಟ ಇದೇ ಸಂದೇಶ ಬೆರಳುಗಳಿಗೆ ಸಾಲು ಹಚ್ಚಿದ್ದು.

ಈಗ ಕ್ಯಾನ್ಸರ್. ಸಂದೇಶ ಬಾರದಿದ್ದಾಗ ಪ್ಯಾಚ್ಡ್ ಎಂಬ ಪ್ರೋಟೀನ್ ಬ್ರೇಕ್ ಹಾಕಿ ನಿಂತಿರುತ್ತದೆ. ದೊಡ್ಡವರಾದ ಮೇಲೆ ಚರ್ಮದ ಜೀವಕೋಶದಲ್ಲಿ ಆ ಬ್ರೇಕ್ ಕೆಟ್ಟರೆ, ಯಾರೂ ಹೇಳದಿದ್ದರೂ ಕೋಶ ಬೆಳೆಯುತ್ತಲೇ ಹೋಗುತ್ತದೆ. ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಹೀಗೇ ಶುರುವಾಗುವುದು. ಎಲ್ಲ ಕ್ಯಾನ್ಸರ್‌ಗೂ ಇದೇ ಕಾರಣ ಅಂದುಕೊಳ್ಳಬೇಡಿ. ಆ ಗಿಡದ ವಿಷದ ಹಾಗೆಯೇ ಕೆಲಸ ಮಾಡುವ ವಿಸ್ಮೊಡೆಗಿಬ್ ಎಂಬ ಔಷಧಕ್ಕೆ, ಈ ಚರ್ಮದ ಕ್ಯಾನ್ಸರ್‌ನ ಚಿಕಿತ್ಸೆಗಾಗಿ, 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಸುರಿಯರು ಮಾತ್ರ ಅದನ್ನು ತೆಗೆದುಕೊಳ್ಳುವಂತಿಲ್ಲ.

ಶಾಪ ಅಂತ ಸುಮ್ನೆ ತಾಯಿ ಕುರಿಯನ್ನು ಮಾರಬೇಡಿ. ಮುಂದಿನ ಸಲ ಅದು ಚೆಂದದ ಮರಿ ಹಾಕಬಹುದು.