ಬಣ್ಣ ಕಳೆದರೆ ಸಾಲದು

ಓದುಗರೊಬ್ಬರ ಪತ್ರ: “ಫೋನಿನಲ್ಲಿ ತೆಗೆದ ಬೀದಿ ಚಿತ್ರಗಳನ್ನು ಕಪ್ಪು-ಬಿಳುಪಿಗೆ ಬದಲಿಸುತ್ತೇನೆ. ಎಲ್ಲವೂ ಬೂದಿ ಬಳಿದಂತೆ ಕಾಣುತ್ತವೆ. ನಮ್ಮ ಬೀದಿಯಲ್ಲಿ ಇರುವುದೂ ಅಷ್ಟೆ: ಸುಣ್ಣ ಉದುರಿದ ಗೋಡೆ, ತಂತಿಗಳ ಗೋಜಲು, ಮೇಲ್ಸೇತುವೆಯ ಕಂಬ. ಇದ್ದ ಬಣ್ಣವನ್ನೂ ಕಳೆದುಕೊಂಡು ಸಿಗುವುದೇನು?”

ಸಂಪಾದಕರ ಉತ್ತರ: ಬಣ್ಣದ ಪರ ಮಾತಾಡುವವರನ್ನು ತಳ್ಳಿಹಾಕುವಂತಿಲ್ಲ. ಭಾರತದ ಬೀದಿಗಳನ್ನು ಬಣ್ಣದಲ್ಲೇ ತೆಗೆದ ಛಾಯಾಗ್ರಾಹಕ ರಘುಬೀರ್ ಸಿಂಗ್ ಅವರ ಚಿತ್ರಗಳಿಂದ ಬಣ್ಣ ತೆಗೆದರೆ ಚಿತ್ರವೇ ಉಳಿಯದು. ಆದರೆ ನೀವು ಕೊಟ್ಟ ಪಟ್ಟಿಯನ್ನೇ ಇನ್ನೊಮ್ಮೆ ಓದಿ. ಗೋಡೆ, ತಂತಿ, ಕಂಬ. ಈ ಮೂರಕ್ಕೂ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಗೋಡೆಗೆ ಒರಟುತನವಿದೆ, ತಂತಿಗೆ ಗೆರೆಯಿದೆ, ಕಂಬಕ್ಕೆ ತೂಕವಿದೆ. ಕಪ್ಪು-ಬಿಳುಪಿಗೆ ಬೇಕಾದ ಸಾಮಗ್ರಿ ಇದೇ. ಏನೂ ಇಲ್ಲ ಎಂದು ದೂರುತ್ತಲೇ ಎಲ್ಲವನ್ನೂ ಗುರುತಿಸಿಬಿಟ್ಟಿದ್ದೀರಿ!

ಚಿತ್ರ ಬೂದಿಯಾಗುವುದಕ್ಕೆ ಕಾರಣ ಸರಳ. ಕೆಂಪು ಅಂಗಿ, ಹಸಿರು ಬಾಗಿಲು ಕಣ್ಣಿಗೆ ಬೇರೆ ಬೇರೆ. ಎರಡರ ಹೊಳಪೂ ಒಂದೇ ಆಗಿದ್ದರೆ ಬಣ್ಣ ಹೋದೊಡನೆ ಮನುಷ್ಯ ಬಾಗಿಲೊಳಗೆ ಕರಗಿಹೋಗುತ್ತಾನೆ. ಆಮೇಲೆ ಚಿತ್ರ ತಿದ್ದುವಾಗ ಕೆಂಪಿನ ಹೊಳಪನ್ನು ಏರಿಸಿ, ಹಸಿರಿನದನ್ನು ಇಳಿಸಿ ಸ್ವಲ್ಪ ಬಿಡಿಸಬಹುದು. ಅತಿಯಾದರೆ ಅಂಚುಗಳಲ್ಲಿ ಬಿಳಿ ಗೆರೆ ಏಳುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಮೊದಲೇ ಮಾನೋಕ್ರೋಮ್‌ಗೆ ಇಟ್ಟು, ಜೊತೆಗೆ ರಾ ಫೈಲನ್ನೂ (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಇಡುವ ಕಡತ) ಉಳಿಸಿಕೊಳ್ಳಿ. ಪರದೆ ಕಪ್ಪು-ಬಿಳುಪು ತೋರಿಸುತ್ತದೆ, ರಾ ಫೈಲಿನಲ್ಲಿ ಬಣ್ಣದ ಮಾಹಿತಿ ಹಾಗೇ ಇರುತ್ತದೆ.

ಇನ್ನು ಬೆಳಕು. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಬೆಳಿಗ್ಗೆ ಬಿಸಿಲು ನೇರವಾಗಿ ಬೀಳುತ್ತದೆ, ಗೋಡೆ ಸಪಾಟಾಗಿ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಅದನ್ನು ಬಿಟ್ಟುಹೋಗುವ ಮುನ್ನ ಮೇಲಿನಿಂದ ಸವರಿಕೊಂಡು ಇಳಿಯುತ್ತದಲ್ಲ, ಆಗ ಸುಣ್ಣದ ಒಂದೊಂದು ಹಕ್ಕಳೆಯೂ ತನ್ನ ನೆರಳನ್ನು ಚಾಚುತ್ತದೆ. ನಡು ಮಧ್ಯಾಹ್ನ ಕ್ಯಾಮೆರಾ ಮುಟ್ಟಬಾರದು ಎಂಬ ಬುದ್ಧಿವಾದವನ್ನು ಈ ಗೋಡೆಯ ಮಟ್ಟಿಗೆ ಮರೆತುಬಿಡಿ.

ಮೇಲ್ಸೇತುವೆಯ ಕೆಳಗೆ ತೊಂದರೆ ಬೇರೆ. ಸುತ್ತ ಕತ್ತಲು, ನಡುವೆ ಒಂದು ಪಟ್ಟಿ ಬಿಸಿಲು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಕತ್ತಲನ್ನು ನೋಡಿ ಎಲ್ಲವನ್ನೂ ನಡು ಬೂದು ಮಾಡಲು ಹೊರಡುತ್ತದೆ. ಬಿಸಿಲಿನ ಪಟ್ಟಿ ಸುಟ್ಟು ಬರೀ ಬಿಳಿಯಾಗುತ್ತದೆ. ಸುಟ್ಟ ಬಿಳಿಯಿಂದ ಏನನ್ನೂ ಮರಳಿ ತೆಗೆಯಲಾಗದು. ಎಕ್ಸ್‌ಪೋಷರನ್ನು ಒಂದರಿಂದ ಎರಡು ಸ್ಟಾಪ್ ಇಳಿಸಿ, ಅಂದರೆ ಒಳಬರುವ ಬೆಳಕನ್ನು ಅರ್ಧಕ್ಕೋ ಕಾಲುಭಾಗಕ್ಕೋ ತನ್ನಿ. ಫೋನಾದರೆ ಬಿಸಿಲಿದ್ದ ಕಡೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 28 ಮಿ.ಮೀ. ಲೆನ್ಸಿನ ಕಿಂಡಿಗೆ ಎಫ್/8 ಅಳತೆ ಕೊಟ್ಟು ಫೋಕಸನ್ನು 2.5 ಮೀಟರಿಗೆ ನಿಲ್ಲಿಸಿದರೆ ಸುಮಾರು 1.4 ಮೀಟರಿನಿಂದ 10 ಮೀಟರ್‌ವರೆಗೆ ಸ್ಪಷ್ಟ. ಫೋಕಸಿನ ಚಿಂತೆಯೇ ಇಲ್ಲ. ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ, ನಡೆಯುವವರ ಪಾದ ಕಲಸಿಹೋಗುತ್ತದೆ. ಬಳಿಕ ಕಾಯಿರಿ. ಬಂದವರ ತಲೆ ಬಿಸಿಲಿನ ಮೇಲೆ ಬಿಡಿಯಾಗಿ ನಿಲ್ಲಬೇಕು. ಕಂಬದ ಕಪ್ಪಿಗೆ ತಾಗಿದರೆ ಕೂದಲೂ ಕಂಬವೂ ಒಂದೇ.

ಬೀದಿಯ ಇಂಥ ಸಾಮಾನ್ಯ ವಸ್ತುಗಳನ್ನೇ ನೆಚ್ಚಿದವರಿದ್ದಾರೆ. ಪ್ಯಾರಿಸ್ಸಿನ ಛಾಯಾಗ್ರಾಹಕ ಯೂಜೀನ್ ಅಟ್ಜೆ (1857–1927) 18×24 ಸೆಂ.ಮೀ. ಗಾಜಿನ ಫಲಕಗಳನ್ನು ಹೊತ್ತು ತಿರುಗಿ ಮೆಟ್ಟಿಲು, ಬಾಗಿಲು, ಅಂಗಡಿ ಮುಂಗಟ್ಟುಗಳನ್ನು ತೆಗೆದರು. ಕಲಾವಿದರಿಗೆ ಆಕರಚಿತ್ರಗಳೆಂದು ಮಾರಿದರು. ಇಂದು ಅವು ವಸ್ತುಸಂಗ್ರಹಾಲಯಗಳಲ್ಲಿವೆ.

ನಮ್ಮ ಛಾಯಾಚಿತ್ರ ಸ್ಪರ್ಧೆಗಳನ್ನು ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಕಪ್ಪು-ಬಿಳುಪು ಎಂದರೆ ಮುದುಕರ ಸುಕ್ಕುಮುಖ, ಇಲ್ಲವೇ ರಸ್ತೆಬದಿ ಮಲಗಿದ ಬಡವ. ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಏರಿಸಿಬಿಟ್ಟರೆ ಬಹುಮಾನ. ಮಲಗಿದವನು ‘ಚಿತ್ರ ತೆಗೆಯಬೇಡಿ’ ಎನ್ನಲಾರ ಎಂಬುದು ತೀರ್ಪುಗಾರರಿಗೆ ತೋಚುವುದೇ ಇಲ್ಲ. ಇನ್ನು ಬೀದಿ ವಿಭಾಗದ ಚಿತ್ರಗಳಲ್ಲಿ ಬೀದಿಯೇ ಇರುವುದಿಲ್ಲ, ಮುಖದ ಹಿಂದೆಲ್ಲ ಮಸುಕು. ಆ ಮನುಷ್ಯ ಎಲ್ಲಿ ನಿಂತಿದ್ದ, ಯಾವ ಗೋಡೆಗೆ ಒರಗಿದ್ದ ಎಂಬುದನ್ನೇ ಅಳಿಸಿದ ಚಿತ್ರಗಳನ್ನು ಭಾವಚಿತ್ರ ವಿಭಾಗಕ್ಕೆ ಕಳಿಸಲಿ.