ಚಿತ್ರ ಕೇಳುವುದು, ಸಂಗೀತ ನೋಡುವುದು: ಓದುಗರ ಪ್ರಶ್ನೋತ್ತರ

ಹತ್ತೊಂಬತ್ತನೇ ಶತಮಾನದ ಚಿತ್ರಕಲೆ ಮತ್ತು ಸಂಗೀತದ ನಂಟಿನ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ರಷ್ಯದ ಸಂಗೀತ ರಚನೆಕಾರ ಮುಸ್ಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ಕೃತಿಯನ್ನು ಅದರ ಮೂಲ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಕೇಳುವ ಆಸೆ. ಎತ್ತಿನ ಗಾಡಿಯ ಚಿತ್ರ ಒಂದೊಂದು ಕಡೆ ಒಂದೊಂದು ಥರ ಸಿಗುತ್ತದೆ. ಯಾವುದು ನಿಜ? ಪಿಯಾನೊ ಕೇಳಲೋ, ಆರ್ಕೆಸ್ಟ್ರಾ ಕೇಳಲೋ?
– ಓದುಗರು, ಶಿವಮೊಗ್ಗ

ಉತ್ತರ: ಯಾವುದೂ ನಿಜವಲ್ಲ, ಗಾಡಿಯ ಚಿತ್ರ ಉಳಿದೇ ಇಲ್ಲ. ವಾಸ್ತುಶಿಲ್ಪಿ, ಚಿತ್ರಕಾರ ವಿಕ್ಟರ್ ಹಾರ್ಟ್‌ಮನ್ 1873ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡ. ಮರುವರ್ಷ ವಿಮರ್ಶಕ ಸ್ತಾಸೋವ್ ಮುಂದೆ ನಿಂತು ಸೇಂಟ್ ಪೀಟರ್ಸ್‌ಬರ್ಗ್‌ನ ಕಲಾ ಅಕಾಡೆಮಿಯಲ್ಲಿ ಸುಮಾರು 400 ಕೃತಿಗಳ ಪ್ರದರ್ಶನ ಏರ್ಪಡಿಸಿದ. ಗೆಳೆಯನ ಚಿತ್ರಗಳನ್ನು ನೋಡಿ ಬಂದ ಮುಸ್ಸೋರ್ಗ್‌ಸ್ಕಿ 1874ರ ಜೂನ್‌ನಲ್ಲಿ, ಮೂರು ವಾರದೊಳಗೆ, ಪಿಯಾನೊಗಾಗಿ ಇದನ್ನು ಬರೆದು ಮುಗಿಸಿದ. ಪ್ರದರ್ಶನದ ಕೃತಿಗಳಲ್ಲಿ ಬಹುಪಾಲು ಆಮೇಲೆ ಚದುರಿಹೋದವು. ನಿಮ್ಮ ಉಪಯೋಗಕ್ಕೆ ಬರುವಂತೆ ಉಳಿದಿರುವುದು ಇಷ್ಟು: ಮೊಟ್ಟೆಯ ಚಿಪ್ಪು ತೊಟ್ಟ ಮಕ್ಕಳ ಬ್ಯಾಲೆ ಉಡುಪಿನ ನಕ್ಷೆ, ಇಬ್ಬರು ಯೆಹೂದಿಗಳ ಎರಡು ಬೇರೆ ಬೇರೆ ಚಿತ್ರ, ಪ್ಯಾರಿಸ್‌ನ ನೆಲಮಾಳಿಗೆಯ ಸ್ಮಶಾನ, ಬಾಬಾ ಯಾಗಾ ಎಂಬ ಮಾಟಗಾತಿಯ ಗುಡಿಸಲಿನ ಆಕಾರದ ಗಡಿಯಾರ, ಕೀವ್ ನಗರದ ಹೆಬ್ಬಾಗಿಲಿನ ವಿನ್ಯಾಸ. ಕೃತಿಯ ಉಳಿದ ಭಾಗಗಳಾದ ಕುಬ್ಜ, ಹಳೆಯ ಕೋಟೆ, ಪ್ಯಾರಿಸ್‌ನ ತ್ವಿಲರಿ ತೋಟ, ಗಾಡಿ, ಲಿಮೋಜ್ ಸಂತೆ ಇವಕ್ಕೆ ಯಾರಾದರೂ ‘ಮೂಲ ಚಿತ್ರ’ ತೋರಿಸಿದರೆ ನಂಬಬೇಡಿ.

ಮೊದಲು ಪಿಯಾನೊ ಕೇಳಿ. ಫ್ರಾನ್ಸಿನ ಸಂಗೀತ ರಚನೆಕಾರ ರಾವೆಲ್ 1922ರಲ್ಲಿ ಮಾಡಿದ ಆರ್ಕೆಸ್ಟ್ರಾ ರೂಪ ಬೆರಗು ಹುಟ್ಟಿಸುವಂಥದ್ದೇ, ಆದರೆ ಅದರಲ್ಲಿ ಬಣ್ಣ ತುಂಬಿದವನು ರಾವೆಲ್. ಗಾಡಿಯ ಭಾಗವನ್ನೇ ನೋಡಿ. ಮುಸ್ಸೋರ್ಗ್‌ಸ್ಕಿಯ ಹಸ್ತಪ್ರತಿಯಲ್ಲಿ ಅದು ಮೊದಲ ಸ್ವರದಿಂದಲೇ ಗಟ್ಟಿಯಾಗಿ ಶುರುವಾಗುತ್ತದೆ, ಗಾಡಿ ನಮ್ಮ ಮುಖದೆದುರೇ ಇರುತ್ತದೆ. ಮುಸ್ಸೋರ್ಗ್‌ಸ್ಕಿ ತೀರಿಕೊಂಡ ಮೇಲೆ 1886ರಲ್ಲಿ ಅಚ್ಚಾದ ಪ್ರತಿಯನ್ನು ತಿದ್ದಿದ ಸಂಗೀತ ರಚನೆಕಾರ ರಿಮ್‌ಸ್ಕಿ-ಕೋರ್ಸಕೋವ್ ಅದನ್ನು ಮೆಲ್ಲಗೆ ಶುರುಮಾಡಿ ಏರಿಸಿದ, ಹೀಗಾಗಿ ಗಾಡಿ ದೂರದಿಂದ ಬರುವಂತಾಯಿತು. ರಾವೆಲ್ ಕೈಗೆ ಸಿಕ್ಕಿದ್ದು ಈ ತಿದ್ದಿದ ಪಾಠವೇ. ಇಡೀ ದೃಶ್ಯ ಬದಲಾಗಲು ಅಷ್ಟು ಸಾಕಾಯಿತು.

ನಡುನಡುವೆ ಬರುವ ‘ಪ್ರೊಮೆನಾಡ್’ ಎಂಬ ಭಾಗವನ್ನು ಮಾತ್ರ ಮೊದಲು ಎರಡು ಮೂರು ಸಲ ಕೇಳಿ. ಅದು ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆಯುವ ನೋಡುಗ. ಆದಿತಾಳ ಹಾಕಿಕೊಂಡು ಕೂತರೆ ಎರಡನೇ ಆವರ್ತಕ್ಕೇ ತಪ್ಪುತ್ತದೆ. ಐದು, ಆರು, ಐದು, ಆರು ಎಂದು ಎಣಿಸಿ. ಪ್ರದರ್ಶನದಲ್ಲಿ ಯಾರೂ ಒಂದೇ ಹದಕ್ಕೆ ನಡೆಯುವುದಿಲ್ಲ. ನಿಲ್ಲುತ್ತಾರೆ, ವಾಲುತ್ತಾರೆ, ಮುಂದೆ ಸಾಗುತ್ತಾರೆ. ಆಮೇಲೆ ಸ್ಮಶಾನದ ಚಿತ್ರವನ್ನು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ಹಾರ್ಟ್‌ಮನ್ ತನ್ನನ್ನೇ ಬರೆದುಕೊಂಡಿದ್ದಾನೆ: ಪಕ್ಕದಲ್ಲಿ ಗೆಳೆಯ, ದೀಪ ಹಿಡಿದು ದಾರಿ ತೋರಿಸುವವನು, ಬದಿಯಲ್ಲಿ ಬುರುಡೆಗಳ ರಾಶಿ. ದಪ್ಪ ದಪ್ಪ ಸ್ವರಗುಚ್ಛಗಳು ನಿಂತ ಮೇಲೆ, ಮೇಲಿನ ಸ್ಥಾಯಿಯಲ್ಲಿ ಸ್ವರ ಸಣ್ಣಗೆ ನಡುಗತೊಡಗಿದಾಗ ಕೆಳಗೆ ಪ್ರೊಮೆನಾಡ್‌ನ ರಾಗವೇ ಕೇಳುತ್ತದೆ. ಹೊರಗೆ ನಿಂತು ನೋಡುತ್ತಿದ್ದವನು ಚಿತ್ರದ ಒಳಗೆ ಹೋಗಿಬಿಟ್ಟಿದ್ದಾನೆ. ಹಾರ್ಟ್‌ಮನ್‌ನ ಚೇತನ ತನ್ನನ್ನು ಬುರುಡೆಗಳ ಬಳಿಗೆ ಕರೆದೊಯ್ಯುತ್ತಿದೆ, ಬುರುಡೆಗಳು ಒಳಗಿಂದ ಮಂದವಾಗಿ ಬೆಳಗುತ್ತಿವೆ ಎಂಬ ಅರ್ಥದ ಟಿಪ್ಪಣಿಯನ್ನು ಮುಸ್ಸೋರ್ಗ್‌ಸ್ಕಿಯೇ ಹಸ್ತಪ್ರತಿಯಲ್ಲಿ ಬರೆದಿದ್ದಾನೆ. ಈ ಕೃತಿಯ ಜೀವ ಇರುವುದು ಈ ಜಾಗದಲ್ಲಿ. ಚಿತ್ರದ ವಸ್ತುವಿಗಿಂತ ಚಿತ್ರ ನೋಡುವವನ ನಡಿಗೆ ಅವನಿಗೆ ಮುಖ್ಯವಾಗಿತ್ತು.

ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಸಂಗೀತಗಾರ್ತಿಯರ ಚಿತ್ರವನ್ನು ಈ ಪರಂಪರೆಗೆ ಸೇರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಕಾಲಕ್ಕೆ ಸೇರುತ್ತದೆ, ಸ್ವಭಾವಕ್ಕೆ ಸೇರುವುದಿಲ್ಲ. 1880ರ ದಶಕದ ಕೊನೆಯ ಆ ತೈಲಚಿತ್ರದಲ್ಲಿ ಬೇರೆ ಬೇರೆ ಪ್ರಾಂತ್ಯಗಳ ಉಡುಗೆ ತೊಟ್ಟ 11 ಮಂದಿ ಹೆಂಗಸರಿದ್ದಾರೆ. ಚಿತ್ರಕಾರನ ಆಸಕ್ತಿ ಸೀರೆಯ ನೆರಿಗೆ, ಒಡವೆ, ಮೈಬಣ್ಣ, ಮುಖಚರ್ಯೆಗಳಲ್ಲಿದೆ. ಸಂಗೀತ ಅವರನ್ನೆಲ್ಲ ಒಂದೆಡೆ ಕೂರಿಸಲು ಸಿಕ್ಕ ನೆಪ. ರಾಗದ ಭಾವವನ್ನೇ ಬಣ್ಣ, ಋತು, ಹೊತ್ತುಗಳಿಂದ ಕಟ್ಟಿದ ಚಿತ್ರ ಬೇಕಿದ್ದರೆ ಹಿಂದಿನ ರಾಗಮಾಲಾ ಚಿತ್ರಗಳನ್ನು ನೋಡಬೇಕು. ನಮ್ಮಲ್ಲಿ ಆ ಕೆಲಸ ಯುರೋಪಿಗಿಂತ ಬಹಳ ಮೊದಲೇ ನಡೆದಿತ್ತು.

ಪ್ರಶ್ನೆ: ಲಂಡನ್ನಿನಲ್ಲಿದ್ದ ಚಿತ್ರಕಾರ ವಿಸ್ಲರ್‌ನ ‘ನಾಕ್ಟರ್ನ್’ ಚಿತ್ರಗಳ ರೀತಿಯಲ್ಲಿ ತೈಲವರ್ಣದಲ್ಲಿ ರಾತ್ರಿಯ ಕೆರೆ ಬರೆಯಲು ಹೊರಟೆ. ಬಣ್ಣ ಕೆಳಗೆ ಸೋರುತ್ತದೆ, ಒಣಗಿದ ಮೇಲೆ ಅಲ್ಲಲ್ಲಿ ಮಂಕಾಗುತ್ತದೆ. ಅವನು ಹೇಗೆ ಮಾಡುತ್ತಿದ್ದ? ಸಂಗೀತದ ಹೆಸರೇಕೆ?
– ಚಿತ್ರಕಲಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಹೆಸರಿನ ವಿಷಯ ಮೊದಲು. ಥೇಮ್ಸ್ ನದಿಯ ರಾತ್ರಿಚಿತ್ರಗಳನ್ನು ವಿಸ್ಲರ್ ‘ಮೂನ್‌ಲೈಟ್’ ಎನ್ನುತ್ತಿದ್ದ. ಅವನ ಪೋಷಕ, ಹಡಗು ವ್ಯಾಪಾರಿ ಫ್ರೆಡರಿಕ್ ಲೇಲ್ಯಾಂಡ್ ಪಿಯಾನೊ ನುಡಿಸುತ್ತಿದ್ದವನು. ರಾತ್ರಿಯ ಭಾವದ ಸಂಗೀತ ಕೃತಿಗಳಿಗೆ ಇರುವ ನಾಕ್ಟರ್ನ್ ಎಂಬ ಹೆಸರು ಸೂಚಿಸಿದ್ದು ಅವನೇ. ವಿಸ್ಲರ್‌ಗೆ ಅದು ಹಿಡಿಸಿತು. ಚಿತ್ರದಲ್ಲಿ ಕಥೆ ಹುಡುಕಬೇಡಿ, ಶ್ರುತಿ ಹಿಡಿಯಿರಿ ಎಂದು ಹೇಳಲು ಅವನಿಗೆ ಅಂಥದೇ ಹೆಸರು ಬೇಕಿತ್ತು. ಇದಕ್ಕೆ ದಂಡವನ್ನೂ ತೆತ್ತ: ‘ಕಪ್ಪು ಮತ್ತು ಹೊನ್ನಿನ ನಾಕ್ಟರ್ನ್’ ಚಿತ್ರವನ್ನು ಹೀಗಳೆದ ಕಲಾವಿಮರ್ಶಕ ರಸ್ಕಿನ್ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ 1878ರಲ್ಲಿ ಗೆದ್ದರೂ ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷವೇ ದಿವಾಳಿಯಾದ.

ಇನ್ನು ಕೆಲಸ. ವಿಸ್ಲರ್ ಬ್ರಶ್ ಹಿಡಿಯುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರುತ್ತಿತ್ತು. ರಾತ್ರಿ ನದಿಯ ಬಳಿ ದೃಶ್ಯವನ್ನು ನೋಡಿ, ಅದಕ್ಕೆ ಬೆನ್ನು ತಿರುಗಿಸಿ, ಎಲ್ಲಿ ಏನಿದೆ, ಯಾವುದು ಎಷ್ಟು ಗಾಢ ಎಂದು ಬಾಯಲ್ಲಿ ಹೇಳುತ್ತಿದ್ದ. ತಪ್ಪಿದರೆ ಮತ್ತೆ ನೋಡುತ್ತಿದ್ದ. ಚಿತ್ರ ಬರೆಯುತ್ತಿದ್ದುದು ಸ್ಟುಡಿಯೊದಲ್ಲಿ, ನೆನಪಿನಿಂದ. ಆಕಾಶಕ್ಕೆ, ನೀರಿಗೆ ಬೇಕಾದ ಬಣ್ಣಗಳನ್ನು ಮೊದಲೇ ಸಾಕಷ್ಟು ಕಲಸಿಟ್ಟುಕೊಳ್ಳುತ್ತಿದ್ದ. ತನ್ನ ತೆಳು ಬಣ್ಣವನ್ನು ‘ಸಾಸ್’ ಎಂದು ಕರೆಯುತ್ತಿದ್ದ. ಅದು ಸೋರುತ್ತಿದ್ದುದರಿಂದಲೇ ಕ್ಯಾನ್‌ವಾಸನ್ನು ನೆಲದ ಮೇಲೆ ಮಲಗಿಸಿ ಬರೆಯುತ್ತಿದ್ದ. ನೀವು ಈಸೆಲ್ ಮೇಲೆ ನಿಲ್ಲಿಸಿದ್ದೀರಿ ಎಂದು ಕಾಣುತ್ತದೆ. ಮೊದಲು ಅದನ್ನು ಬಿಡಿ.

ಹೀಗೆ ಮಾಡಿ ನೋಡಿ. ಕ್ಯಾನ್‌ವಾಸಿಗೆ ನಡುಹದದ ಬೂದು ತಳಬಣ್ಣ ಕೊಟ್ಟು ಪೂರ್ತಿ ಒಣಗಲು ಬಿಡಿ. ಆಕಾಶ, ದಡ, ನೀರು ಎಂದು ಮೂರೇ ಮಿಶ್ರಣ ಮಾಡಿಕೊಳ್ಳಿ. ಮೂರಕ್ಕೂ ಒಂದೇ ನೀಲಿ-ಬೂದು ಮೂಲವಾಗಿರಲಿ, ವ್ಯತ್ಯಾಸ ಬಿಳಿ ಮತ್ತು ಕಪ್ಪಿನ ಪ್ರಮಾಣದಲ್ಲಿ ಮಾತ್ರ ಬರಲಿ. ಇದೇ ನಿಮ್ಮ ಶ್ರುತಿ. ತೆಳುವಾಗಿಸಲು ಮೂರು ಪಾಲು ಟರ್ಪೆಂಟೈನ್‌ಗೆ ಒಂದು ಪಾಲು ಅಗಸೆ ಎಣ್ಣೆ ಸಾಕು, ಕಿಟಕಿ ತೆರೆದಿರಲಿ. ಬರೀ ಟರ್ಪೆಂಟೈನ್ ಸುರಿದರೆ ಬಣ್ಣದ ಪುಡಿಯನ್ನು ಹಿಡಿದಿಡುವ ಎಣ್ಣೆ ಸಾಲದೆ ಮೇಲ್ಮೈ ಸೀಮೆಸುಣ್ಣದಂತೆ ಉದುರುತ್ತದೆ. ಅಗಲ ಬ್ರಶ್ಶಿನಿಂದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಎಳೆತ ಎಳೆಯಿರಿ, ಎಳೆದ ಜಾಗಕ್ಕೆ ಮತ್ತೆ ಕೈ ಹಾಕಬೇಡಿ. ಕೆಟ್ಟರೆ ತೇಪೆ ಹಾಕುವ ಬದಲು ಇಡೀ ಪದರವನ್ನು ಬಟ್ಟೆಯಿಂದ ಒರೆಸಿ ಮೊದಲಿನಿಂದ ಶುರುಮಾಡಿ. ವಿಸ್ಲರ್ ಮಾಡುತ್ತಿದ್ದುದೂ ಅದನ್ನೇ. ದೀಪದ ಚುಕ್ಕೆಗಳು ಕೊನೆಗೆ, ದಪ್ಪ ಬಣ್ಣದಲ್ಲಿ, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಮಂಕಾಗುವುದಕ್ಕೆ ಕಾರಣ, ತಳಬಣ್ಣ ಎಣ್ಣೆಯನ್ನು ಅಲ್ಲಲ್ಲಿ ಹೀರಿಕೊಳ್ಳುವುದು. ಕಪ್ಪು ಮತ್ತು ಅಂಬರ್ (umber) ಎಂಬ ಕಂದು ಬಣ್ಣಗಳಲ್ಲಿ ಇದು ಹೆಚ್ಚು. ಚಿತ್ರ ಒಣಗಿದ ಮೇಲೆ ಮಂಕಾದ ಕಡೆ ಮಾತ್ರ ಎರಡು ಹನಿ ಅಗಸೆ ಎಣ್ಣೆ ಸವರಿ, ಉಳಿದದ್ದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ತೆಗೆಯಿರಿ. ಗಾಢ ತಳಬಣ್ಣ ಬಳಸುವ ಮೊದಲು ಇನ್ನೊಂದು ಮಾತು: ತೈಲವರ್ಣ ಹಳತಾದಂತೆ ಪಾರದರ್ಶಕವಾಗುತ್ತದೆ, ತಳದ ಕಪ್ಪು ಮೇಲೆ ಕಾಣತೊಡಗುತ್ತದೆ. ವಿಸ್ಲರ್‌ನ ಹಲವು ನಾಕ್ಟರ್ನ್‌ಗಳು ಇವತ್ತು ಅವನು ಬರೆದದ್ದಕ್ಕಿಂತ ಕಪ್ಪಾಗಿವೆ.

ಪ್ರಶ್ನೆ: ‘ಸ’ ಕೆಂಪು, ‘ರಿ’ ಕಿತ್ತಳೆ ಎಂದು ಸ್ವರಕ್ಕೊಂದು ಬಣ್ಣ ಹೇಳುವ ಪಟ್ಟಿಗೆ ವೈಜ್ಞಾನಿಕ ಆಧಾರ ಇದೆಯೇ?
– ಸಂಗೀತ ಶಿಕ್ಷಕರು, ಧಾರವಾಡ

ಉತ್ತರ: ಇಲ್ಲ. ನ್ಯೂಟನ್ 1704ರ ಗ್ರಂಥದಲ್ಲಿ ವರ್ಣಪಟಲವನ್ನು ಸಪ್ತಸ್ವರಗಳ ಅಂತರಕ್ಕೆ ಹೊಂದಿಸಿ ಏಳು ಭಾಗ ಮಾಡಿದ. ಆ ಆಸೆ ಹತ್ತೊಂಬತ್ತನೇ ಶತಮಾನದುದ್ದಕ್ಕೂ ಬದುಕಿತ್ತು. 1893ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ರಿಮಿಂಗ್ಟನ್ ‘ಕಲರ್ ಆರ್ಗನ್’ಗೆ ಪೇಟೆಂಟ್ ಪಡೆದ. ಅದರ ಕೀಲಿಮಣೆಯ ಮನೆಗಳನ್ನು ಒತ್ತಿದರೆ ಬಣ್ಣದ ಬೆಳಕು ಬೀಳುತ್ತಿತ್ತು, ನಾದ ಹೊರಡುತ್ತಿರಲಿಲ್ಲ, ಸಂಗೀತವನ್ನು ಬೇರೆಯವರು ನುಡಿಸಬೇಕಿತ್ತು. ಇಂಥ ಪ್ರಯತ್ನ ಸೋಲುವುದಕ್ಕೆ ಎರಡು ಗಟ್ಟಿ ಕಾರಣಗಳಿವೆ. ಕಿವಿ ಸುಮಾರು ಹತ್ತು ಸ್ಥಾಯಿಗಳಷ್ಟು ವ್ಯಾಪ್ತಿಯ ನಾದ ಹಿಡಿಯುತ್ತದೆ. ಕಣ್ಣಿಗೆ ಕಾಣುವ ಬೆಳಕು ಒಂದು ಸ್ಥಾಯಿಯ ಆಸುಪಾಸು. ಹೀಗಾಗಿ ಮಂದ್ರ ‘ಸ’ಗೂ ತಾರ ‘ಸ’ಗೂ ಇರುವ ಸಂಬಂಧ ಬಣ್ಣದಲ್ಲಿ ಹುಟ್ಟುವುದೇ ಇಲ್ಲ. ಎರಡನೆಯದಾಗಿ, ‘ಸ’ ಮತ್ತು ‘ಪ’ ಒಟ್ಟಿಗೆ ಮೀಟಿದರೆ ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ, ಕೆಂಪು ಮತ್ತು ಹಸಿರು ಬೆಳಕನ್ನು ಒಂದರ ಮೇಲೊಂದು ಚೆಲ್ಲಿದರೆ ಕಾಣುವುದು ಹಳದಿ. ಮಕ್ಕಳಿಗೆ ಸ್ವರಸ್ಥಾನ ನೆನಪಿಡಲು ಬಣ್ಣ ಬಳಸಿ, ತಪ್ಪೇನಿಲ್ಲ. ಅದೇ ಸತ್ಯ ಎಂದು ಮಾತ್ರ ಕಲಿಸಬೇಡಿ.

ಪ್ರಶ್ನೆ: ಫ್ರಾನ್ಸಿನ ಚಿತ್ರಕಾರ ದೆಲಾಕ್ರ್ವಾ ಮತ್ತು ಪಿಯಾನೊ ಸಂಗೀತಗಾರ ಶೋಪಾ (Chopin) ಆಪ್ತ ಗೆಳೆಯರಂತೆ. ಒಬ್ಬರ ಕಲೆ ಇನ್ನೊಬ್ಬರ ಮೇಲೆ ಪ್ರಭಾವ ಬೀರಿತೇ?
– ಓದುಗರು, ಮಂಗಳೂರು

ಉತ್ತರ: ಗೆಳೆತನ ನಿಜ. 1849ರ ಅಕ್ಟೋಬರ್‌ನಲ್ಲಿ ಶೋಪಾ ತೀರಿಕೊಂಡಾಗ ಶವಯಾತ್ರೆಯಲ್ಲಿ ಪೆಟ್ಟಿಗೆಯ ಜೊತೆ ನಡೆದ ಆಪ್ತರಲ್ಲಿ ದೆಲಾಕ್ರ್ವಾ ಒಬ್ಬ. ಆದರೆ ಶೋಪಾಗೆ ಗೆಳೆಯನ ಚಿತ್ರಗಳು ಅಷ್ಟಾಗಿ ಹಿಡಿಸುತ್ತಿರಲಿಲ್ಲ ಎಂದು ಶೋಪಾನ ಸಂಗಾತಿಯಾಗಿದ್ದ ಲೇಖಕಿ ಜಾರ್ಜ್ ಸ್ಯಾಂಡ್ ಬರೆದಿದ್ದಾಳೆ. ರೊಮ್ಯಾಂಟಿಕ್ ಚಿತ್ರಕಲೆಯ ಮುಂದಾಳು ಎನಿಸಿದ ದೆಲಾಕ್ರ್ವಾನ ಕಿವಿಯೋ ಮೊಜಾರ್ಟ್‌ನದು, ಬೆರ್ಲಿಯೋಸ್‌ನ ಸಂಗೀತದ ಅಬ್ಬರ ಅವನಿಗೆ ಸೇರುತ್ತಿರಲಿಲ್ಲ. ಶೋಪಾನಿಂದ ಅವನಿಗೆ ಸಿಕ್ಕಿದ್ದು ಶಿಸ್ತಿನ ಪಾಠ. 1849ರ ಏಪ್ರಿಲ್ 7ರ ದಿನಚರಿಯಲ್ಲಿ, ಸಂಗೀತದಲ್ಲಿ ತರ್ಕ ಎಲ್ಲಿಂದ ಬರುತ್ತದೆ ಎಂದು ತಾನು ಕೇಳಿದ್ದನ್ನೂ, ಶೋಪಾ ಸ್ವರಮೇಳ, ಪ್ರತಿಸ್ವರಗಳ ಕಟ್ಟನ್ನು ವಿವರಿಸಿ ಫ್ಯೂಗ್ (ಒಂದೇ ರಾಗವನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಎಂದರೆ ಸಂಗೀತದ ಶುದ್ಧ ತರ್ಕ ಎಂಬಂತೆ ಹೇಳಿದ್ದನ್ನೂ ಅವನು ಬರೆದಿಟ್ಟಿದ್ದಾನೆ. ಭಾವದ ಹಿಂದೆ ಲೆಕ್ಕವಿರುತ್ತದೆ ಎಂಬ ಈ ಮಾತು ಚಿತ್ರಕಾರನಿಗೆ ಬಹಳ ನಾಟಿತು.

1838ರಲ್ಲಿ ಅವನು ಶುರುಮಾಡಿದ, ಶೋಪಾ ನುಡಿಸುತ್ತಿರುವ, ಸ್ಯಾಂಡ್ ಕೇಳುತ್ತಿರುವ ಜೋಡಿ ಚಿತ್ರ ಮುಗಿಯಲೇ ಇಲ್ಲ. ಅವನು ಸತ್ತ ಮೇಲೆ ಯಾರೋ ಕ್ಯಾನ್‌ವಾಸನ್ನೇ ಕತ್ತರಿಸಿ ಎರಡು ಮಾಡಿದರು. ಸುಮಾರು 46 × 38 ಸೆಂ.ಮೀ. ಅಳತೆಯ ಶೋಪಾನ ಮುಖ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ, ಸ್ಯಾಂಡ್ ಇರುವ ತುಂಡು ಕೋಪನ್‌ಹೇಗನ್ ಹತ್ತಿರದ ಓರ್ಡ್ರುಪ್‌ಗಾರ್ಡ್‌ನಲ್ಲಿದೆ. ಶೋಪಾನ ತುಂಡನ್ನು ಒಂಟಿಯಾಗಿ ನೋಡಿದರೆ ಆ ಮುಖದ ತನ್ಮಯತೆ ಯಾವುದರಲ್ಲಿ ಎಂದು ಗೊತ್ತಾಗುವುದಿಲ್ಲ, ಏಕೆಂದರೆ ಪಿಯಾನೊ ಅದರಲ್ಲಿ ಇಲ್ಲ. ಇಬ್ಬರೂ ಒಟ್ಟಿಗಿರುವ ಪೆನ್ಸಿಲ್ ಕರಡು ಲೂವ್ರ್‌ನಲ್ಲಿದೆ. ಮೊದಲು ಅದನ್ನು ನೋಡಿ, ಆಮೇಲೆ ಎರಡು ತುಂಡುಗಳನ್ನು.