ರಿನೈಸಾನ್ಸ್ ಕಾಲದ (ಯುರೋಪಿನ ಸುಮಾರು 15-16ನೆಯ ಶತಮಾನಗಳ) ವೃಂದಗಾನವನ್ನು ಕೇಳುವಾಗ ಕಿವಿ ಯಾರನ್ನು ಹಿಂಬಾಲಿಸಬೇಕು?

ಇಟಲಿಯ ರಚನಕಾರ ಪ್ಯಾಲೆಸ್ಟ್ರೀನಾನ 'ಮಿಸ್ಸಾ ಪಾಪೆ ಮಾರ್ಚೆಲ್ಲಿ'ಯನ್ನು ಪೂರ್ತಿಯಾಗಿ ಕೇಳಿದರೂ ಇಂಪಾದ ಗುಂಗೊಂದನ್ನು ಬಿಟ್ಟರೆ ಏನೂ ದಕ್ಕಲಿಲ್ಲ, ಮುಖ್ಯ ಧಾಟಿ ಯಾವುದೆಂದೇ ತಿಳಿಯಲಿಲ್ಲ, ಇದನ್ನು ಕೇಳುವ ಕ್ರಮವೇ ಬೇರೆಯೇ ಎಂದು ವಿಚಾರಿಸಿದ್ದೀರಿ. ಹೌದು, ಬೇರೆ. ಈ ಸಂಗೀತದಲ್ಲಿ ಮುಖ್ಯ ಗಾಯಕನೆಂಬವನೇ ಇಲ್ಲ. ಹಾಡುವವರು ಒಬ್ಬರು, ಪಿಟೀಲು ಮೃದಂಗಗಳು ಅವರನ್ನು ಅನುಸರಿಸುವಂಥವು ಎಂಬ ಕಛೇರಿಯ ಏರ್ಪಾಡಿಗೆ ಒಗ್ಗಿದ ನಮ್ಮ ಕಿವಿ, ಇಲ್ಲಿಯೂ ತನಗರಿವಿಲ್ಲದೆ ಅತಿ ಮೇಲಿನ ಕಂಠವನ್ನೇ (ಕಂಠವೆಂದರೆ ಇಲ್ಲಿ ಒಬ್ಬರೋ ಹಲವರೋ ಹಾಡುವ ಒಂದು ಸಾಲು) ಹಿಡಿದುಕೊಂಡು ಮಿಕ್ಕವನ್ನು ಪಕ್ಕವಾದ್ಯವೆಂದು ಬದಿಗೆ ಸರಿಸಿಬಿಡುತ್ತದೆ. ಆ ಕಾಲದ ರಚನಕಾರರಾದರೋ ಪ್ರತಿಯೊಂದು ಕಂಠಕ್ಕೂ ತಾನೇ ತಾನಾಗಿ ಹಾಡಿಕೊಳ್ಳಬಹುದಾದ ಧಾಟಿಯನ್ನು ಬರೆಯುತ್ತಿದ್ದರು, ಮತ್ತು ಹಾಡುವವರ ಎದುರಿಗೆ ಇರುತ್ತಿದ್ದುದು ಸಾಮಾನ್ಯವಾಗಿ ಅವರವರ ಪಾಲಿನ ಸಾಲುಗಳು ಮಾತ್ರ.

ಆದ್ದರಿಂದ ಆರು ಕಂಠಗಳ ಆ ಮಾಸ್‌ನಿಂದ (ಮಾಸ್ ಎಂದರೆ ಕ್ಯಾಥೊಲಿಕ್ ಪೂಜೆಯ ಪಠ್ಯಕ್ಕೆ ಕಟ್ಟಿದ ಗಾನ) ಆರಂಭಿಸಬೇಡಿರೆಂದೇ ನನ್ನ ಸಲಹೆ. ಜೋಸ್ಕಿನ್ ದೆ ಪ್ರೇ ಬರೆದ, 1502ರಲ್ಲಿ ವೆನಿಸ್‌ನ ಪೆಟ್ರೂಚಿ ಮುದ್ರಿಸಿದ 'ಆವೆ ಮರಿಯಾ... ವಿರ್ಗೊ ಸೆರೇನಾ' ಎಂಬ ನಾಲ್ಕು ಕಂಠಗಳ ಮೋಟೆಟ್ಟನ್ನು, ಎಂದರೆ ಲ್ಯಾಟಿನ್ ಭಕ್ತಿಗೀತೆಯನ್ನು, ತೆಗೆದುಕೊಳ್ಳಿ. ಮೊದಲ ಪದಗುಚ್ಛವನ್ನು ಅತಿ ಮೇಲಿನ ಕಂಠ ಒಂಟಿಯಾಗಿ ಹಾಡುತ್ತದೆ. ಅದನ್ನೇ ಎರಡನೆಯದು, ಆಮೇಲೆ ಮೂರನೆಯದಾದ ಟೆನರ್, ಕೊನೆಗೆ ಅತಿ ಕೆಳಗಿನ ಬಾಸ್ ಎತ್ತಿಕೊಳ್ಳುತ್ತವೆ. ಯಾರು ಯಾವಾಗ ಒಳಬಂದರೆಂಬುದು ಹೊಸಬರಿಗೂ ತಪ್ಪದೆ ತಿಳಿಯುತ್ತದೆ. ನಡುವೆ ಮೂರೆಣಿಕೆಯ ನಡೆಗೆ ಹೊರಳುವ ಭಾಗವೊಂದಿದ್ದು, ಅಲ್ಲಿ ಎಲ್ಲರೂ ಒಟ್ಟಿಗೆ ಹಾಡುತ್ತಿರುವಂತೆ ತೋರಿದರೂ, ಟೆನರ್‌ನ ಮೇಲೆ ಗಮನವಿಟ್ಟರೆ ಮೇಲಿನ ಕಂಠದ ಧಾಟಿಯನ್ನೇ ಅದು ಒಂದೇ ಎಣಿಕೆಯಷ್ಟು ಹಿಂದೆ ಬಿದ್ದು ಹಾಡುತ್ತಿರುವುದು ಗೊತ್ತಾಗುತ್ತದೆ. ಒಮ್ಮೆ ಒಂದು ಕಂಠವನ್ನು, ಮತ್ತೊಮ್ಮೆ ಇನ್ನೊಂದನ್ನು ಕೊನೆಯತನಕ ಹಿಂಬಾಲಿಸಿ; ಅದರಲ್ಲಿಯೂ ಟೆನರನ್ನು, ಏಕೆಂದರೆ ಅದು ನಡುವೆ ಅಡಗಿರುವುದರಿಂದ ಅದನ್ನು ಹುಡುಕಿಕೊಂಡ ಕಿವಿಗೆ ಇತರ ಎಳೆಗಳು ಸುಲಭವಾಗುತ್ತವೆ.

ಎಳೆಗಳು ಬೇರೆಯಾಗಿ ಕೇಳತೊಡಗಿದ ಮೇಲೆ ಅವು ಒಂದನ್ನೊಂದು ಉಜ್ಜುವ ಜಾಗಗಳು ತಾವಾಗಿಯೇ ಗಮನಕ್ಕೆ ಬರುತ್ತವೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಸಂಗೀತದ ರಸವಿರುವುದು ಅಲ್ಲಿಯೇ. ಒಂದು ಕಂಠ ತನ್ನ ಸ್ವರವನ್ನು ಬಿಡದೆ ಹಿಡಿದಿರುವಾಗ ಉಳಿದವು ಸರಿದುಬಿಡುತ್ತವೆ. ಹೊಂದಿಕೊಂಡಿದ್ದ ಸ್ವರ ಈಗ ಇರಿಯುತ್ತದೆ. ಆಮೇಲೆ ಆ ಕಂಠ ಒಂದು ಮೆಟ್ಟಿಲು ಕೆಳಗಿಳಿದು ಸಮಾಧಾನಗೊಳ್ಳುತ್ತದೆ. ಇಂಗ್ಲಿಷ್ ರಚನಕಾರ ವಿಲಿಯಂ ಬೈರ್ಡ್‌ನ ನಾಲ್ಕು ಕಂಠಗಳ ಮಾಸ್‌ನ ಕೊನೆಯ ಭಾಗವಾದ, ದೇವರ ಕುರಿಮರಿಗೆ ಮೂರು ಬಾರಿ ಮೊರೆಯಿಡುವ 'ಆಗ್ನಸ್ ದೇಯಿ'ಯನ್ನು ಕೇಳಿ. ಮೊದಲ ಮೊರೆ ಎರಡು ಕಂಠಗಳದು, ಎರಡನೆಯದು ಮೂರರದು, ಮೂರನೆಯದು ನಾಲ್ಕರದು. ಶಾಂತಿಯನ್ನು ಕರುಣಿಸೆಂಬ ಮಾತು ಬಂದಾಗಲಂತೂ ಒಂದು ಇರಿತ ಇಳಿಯುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಕ್ಯಾಥೊಲಿಕ್ ಪೂಜೆಗೆ ನಿಷೇಧವಿದ್ದ ಇಂಗ್ಲೆಂಡಿನಲ್ಲಿ, 1590ರ ದಶಕದಲ್ಲಿ, ಶೀರ್ಷಿಕೆಪುಟವೂ ಇಲ್ಲದ ಪುಟ್ಟ ಹೊತ್ತಗೆಗಳಾಗಿ ಅಚ್ಚಾದ ಕೃತಿಯಿದು. ಮನೆಗಳೊಳಗೆ ಗುಟ್ಟಾಗಿ ನಡೆಯುತ್ತಿದ್ದ ಪೂಜೆಯಲ್ಲಿ ಹಾಡಲು ಸಿಗುತ್ತಿದ್ದವರು ಬೆರಳೆಣಿಕೆಯಷ್ಟು ಜನ.

ಹಾಗಾಗಿ ಬೈರ್ಡ್‌ನನ್ನು ದೊಡ್ಡ ಕ್ಯಾಥೆಡ್ರಲ್‌ನ ಮೊಳಗಿನಲ್ಲಿ ಕೇಳುವುದಕ್ಕಿಂತ ಕಂಠಕ್ಕೊಬ್ಬರಂತೆ ಹಾಡಿರುವ ಧ್ವನಿಮುದ್ರಿಕೆಯಲ್ಲಿ ಕೇಳುವುದು ನನಗೆ ಹೆಚ್ಚು ಇಷ್ಟ. ಪ್ರದರ್ಶನಗಳನ್ನು ಹೋಲಿಸುವಾಗ ಎಷ್ಟು ಜನ ಹಾಡುತ್ತಿದ್ದಾರೆ, ಎಂಥ ಕಟ್ಟಡದಲ್ಲಿ, ದನಿಯಲ್ಲಿ ನಡುಕ ಎಷ್ಟಿದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. 1973ರಲ್ಲಿ ಪೀಟರ್ ಫಿಲಿಪ್ಸ್ ಸ್ಥಾಪಿಸಿದ ಟ್ಯಾಲಿಸ್ ಸ್ಕಾಲರ್ಸ್ ಗಾಯನ ತಂಡದ ನಯ, ನಡುಕವನ್ನು ಬಹುಪಾಲು ಕಳೆದುಕೊಂಡ ಅವರ ನೇರ ದನಿ, ಎಳೆಗಳನ್ನು ಬಿಡಿಸಿ ತೋರಿಸುತ್ತದೆ. ಅದು ತೀರ ತಣ್ಣಗಿದೆಯೆಂದು ದೂರುವವರೂ ಇದ್ದಾರೆ, ಆ ದೂರಿನಲ್ಲಿ ಹುರುಳಿಲ್ಲದೆ ಇಲ್ಲ.

ಇನ್ನೊಂದು ಮಾತು. ಮಾಸ್‌ನ ಐದು ಭಾಗಗಳನ್ನು ಒಂದರ ಹಿಂದೊಂದು ಹಾಡುವುದು ಸಭಾಂಗಣ ಮತ್ತು ಮುದ್ರಿಕೆಗಳ ರೂಢಿ. ಚರ್ಚಿನಲ್ಲಿ ಅವುಗಳ ನಡುವೆ ಪ್ರಾರ್ಥನೆ, ಪಠನ, ಏಕಧಾಟಿಯ ಮಂತ್ರಗಾನಗಳು ಬರುತ್ತಿದ್ದವು. ಸತತವಾಗಿ ಕೇಳಿ ನಿಮ್ಮ ಕಿವಿ ದಣಿದಿದ್ದರೆ ಅದು ಸಹಜವೇ. ಒಂದು ಭಾಗ ಕೇಳಿ ನಿಲ್ಲಿಸಿದರೆ ಏನೂ ನಷ್ಟವಿಲ್ಲ.

ವಾದ್ಯಸಂಗೀತಕ್ಕೆ ಇಂಗ್ಲಿಷ್ ರಚನಕಾರ ಜಾನ್ ಡೌಲೆಂಡ್‌ನ 'ಲ್ಯಾಕ್ರಿಮೆ' ಒಳ್ಳೆಯ ಬಾಗಿಲು. ಐದು ವಯೋಲ್‌ಗಳಿಗೂ (ಕಮಾನಿನಿಂದ ನುಡಿಸುವ ತಂತಿವಾದ್ಯ) ಒಂದು ಲ್ಯೂಟ್‌ಗೂ (ಮೀಟುವ ತಂತಿವಾದ್ಯ) ಬರೆದು 1604ರಲ್ಲಿ ಪ್ರಕಟಿಸಿದ ಈ ಪುಸ್ತಕದ ಮೊದಲ ಏಳು ಪವಾನ್‌ಗಳೂ, ಎಂದರೆ ನಿಧಾನ ನಡೆಯ ನೃತ್ಯಗಳೂ, ಕೆಳಗಿಳಿಯುವ ಅವೇ ನಾಲ್ಕು ಸ್ವರಗಳಿಂದ ಆರಂಭವಾಗುತ್ತವೆ. ಮೇಜಿನ ಸುತ್ತ ಕುಳಿತವರು ಅವರವರ ದಿಕ್ಕಿನಿಂದಲೇ ಓದಿಕೊಳ್ಳುವಂತೆ ಪುಟಗಳನ್ನು ಮುದ್ರಿಸಿದ್ದರು, ಅಂದರೆ ಇದು ಮೊದಲಾಗಿ ನುಡಿಸುವವರ ಸಂತೋಷಕ್ಕಾಗಿಯೇ ಇದ್ದ ಸಂಗೀತ. ಕರುಳಿನ ತಂತಿ, ವಾದ್ಯದ ಕತ್ತಿನ ಸುತ್ತ ಕಟ್ಟಿದ ಮೆಟ್ಟಿಲುಗಳುಳ್ಳ ವಯೋಲ್‌ಗಳ ನಾದವೆಲ್ಲ ಒಂದೇ ಬಣ್ಣದ್ದಾದ್ದರಿಂದ ಎಳೆಗಳು ಸಿಕ್ಕಾಗಬಹುದು. ಆಗ ಇಟಲಿಯ ಜೊವಾನಿ ಗಾಬ್ರಿಯೇಲಿಯ 1597ರ 'ಸೊನಾಟಾ ಪಿಯಾನ್ ಎ ಫೋರ್ಟೆ'ಗೆ ಹೋಗಿ: ಒಂದು ಗುಂಪಿಗೆ ಕಾರ್ನೆಟ್ಟೊ ಎಂಬ ಮರದ ಊದುವಾದ್ಯ, ಇನ್ನೊಂದಕ್ಕೆ ಪಿಟೀಲಿನ ಜಾತಿಯ ವಾದ್ಯ ಮುಂದಾಳು, ಎರಡರಲ್ಲಿಯೂ ಮೂರು ಮೂರು ಟ್ರಾಂಬೋನ್‌ಗಳು, ಯಾವ ಗುಂಪು ಮಾತಾಡುತ್ತಿದೆ, ಯಾವುದು ಮರುನುಡಿಯುತ್ತಿದೆ ಎಂಬುದರಲ್ಲಿ ಸಂಶಯವೇ ಉಳಿಯುವುದಿಲ್ಲ.

16ನೆಯ ಶತಮಾನದ ಇಂಗ್ಲಿಷ್ ರಚನಕಾರ ಥಾಮಸ್ ಟ್ಯಾಲಿಸ್‌ನ 40 ಕಂಠಗಳ 'ಸ್ಪೆಮ್ ಇನ್ ಆಲಿಯಂ' ಕೇಳಿರೆಂದು ಎಲ್ಲರೂ ಹೇಳುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಐದೈದು ಕಂಠಗಳ ಎಂಟು ಗುಂಪುಗಳ ನಡುವೆ ನಾದ ಸುತ್ತುವುದು ಎರಡು ಸ್ಪೀಕರುಗಳಲ್ಲಿ ಅರ್ಧಕ್ಕರ್ಧ ಕಳೆದುಹೋಗುತ್ತದೆ. ಜಾನೆಟ್ ಕಾರ್ಡಿಫ್ ಎಂಬ ಕಲಾವಿದೆ ಇದನ್ನೇ ಬಳಸಿ 2001ರಲ್ಲಿ ರೂಪಿಸಿದ ಕೃತಿಯಲ್ಲಿ ಒಂದೊಂದು ಕಂಠಕ್ಕೂ ಒಂದೊಂದು ಸ್ಪೀಕರು ಇದ್ದು, ಕೇಳುಗರು ಅವುಗಳ ನಡುವೆ ಓಡಾಡಿಕೊಂಡು ಬೇಕಾದ ಕಂಠದ ಪಕ್ಕದಲ್ಲಿ ನಿಲ್ಲಬಹುದು. ಅದು ನಿಮಗೆಲ್ಲಾದರೂ ಎದುರಾದರೆ ಬಿಡಬೇಡಿ.